ಕತ್ತರಿ ತಾಗದ ಬಟ್ಟೆ

ಹೋದ ವಾರ ಹಡಗಲಿಯ ಅಂಗಡಿಯೊಂದರಲ್ಲಿ ಸೀರೆ ಕೊಂಡೆ. ಮನೆಗೆ ಬಂದು ಪೆಟ್ಟಿಗೆ ತೆಗೆದರೆ, ಸೀರೆಯ ಮಡಿಕೆಗಳ ನಡುವಿನಿಂದ ಬಿಳಿಯ ತೆಳು ಹಾಳೆಯೊಂದು ಜಾರಿ ಬಿತ್ತು. ಗಂಜಿ, ಹೊಸ ಬಣ್ಣ, ಒಂದಿಷ್ಟು ಡಾಂಬರು ಗುಳಿಗೆ... ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು. ಉಸಿರು ಹಿಡಿದು ನಿಂತುಬಿಟ್ಟೆ. ಮೂವತ್ತೈದು ದಾಟಿದ ಹೆಂಗಸು, ಅಡುಗೆಮನೆಯ ಬಾಗಿಲಲ್ಲಿ, ಅಳತೆ ಕೊಡುವ ಹುಡುಗಿಯ ಹಾಗೆ! ನಗು ಬರಬೇಕಿತ್ತು, ಬರಲಿಲ್ಲ.

ಹರಪನಹಳ್ಳಿಯಲ್ಲಿ ನಮ್ಮ ತವರುಮನೆಯ ಎದುರಿಗೇ ದೊಡ್ಡವ್ವನ ಮನೆ. ರಕ್ತಸಂಬಂಧವೇನಿಲ್ಲ, ಓಣಿಯ ಮಕ್ಕಳಿಗೆಲ್ಲ ಅವಳು ದೊಡ್ಡವ್ವನೇ. ಅವಳ ಗಂಡ ಜವಳಿ ಅಂಗಡಿಯಲ್ಲಿ ಕೆಲಸಕ್ಕಿದ್ದ; ಬಟ್ಟೆಯ ಜೊತೆ ಬರುವ ದೊಡ್ಡ ದೊಡ್ಡ ಹಾಳೆಗಳನ್ನು ಸುರುಳಿ ಸುತ್ತಿ ಮನೆಗೆ ತರುತ್ತಿದ್ದ. ಶಾಲೆ ಬಿಟ್ಟ ಮೇಲೆ ನಾವೆಲ್ಲ ಅವಳ ಪಡಸಾಲೆಯಲ್ಲಿ ಸೇರಿದೆವೆಂದರೆ ಕತ್ತಲಾದದ್ದೇ ಗೊತ್ತಾಗುತ್ತಿರಲಿಲ್ಲ. ಹಾಳೆ ಮಡಚಿ ಮಡಚಿ ಅಂಗಿ, ಚಡ್ಡಿ, ಲಂಗ, ಕುಪ್ಪಸ... ಅಂಗೈಯಗಲದ ಬಟ್ಟೆಗಳನ್ನು ಮಾಡಿ, ಗೋಡೆಯಿಂದ ಗೋಡೆಗೆ ದಾರ ಕಟ್ಟಿ ಒಣಹಾಕುತ್ತಿದ್ದೆವು. ಕತ್ತರಿಯನ್ನು ಮಾತ್ರ ಮುಟ್ಟುವಂತಿರಲಿಲ್ಲ. ಒಮ್ಮೆ ನಾನು ಕುಪ್ಪಸದ ಕೊರಳು ಬಿಡಿಸಲು ಕತ್ತರಿ ಎತ್ತಿದಾಗ ದೊಡ್ಡವ್ವ ಕೈಮೇಲೆ ಪಟ್ಟನೆ ಹೊಡೆದಿದ್ದಳು.

"ಕತ್ತರಿ ತಾಗಿಸಬ್ಯಾಡ. ಅಕಿಗೆ ನೋಯ್ತೈತಿ."

ಅಕಿ ಎಂದರೆ ದೊಡ್ಡವ್ವನ ಮಗಳು. ನನ್ನ ವಾರಿಗೆಯವಳಂತೆ. ನಾಲ್ಕು ವರ್ಷದವಳಿದ್ದಾಗ ಜ್ವರ ಬಂದು ತೀರಿಕೊಂಡಿದ್ದಳು. ಜೊತೆಗೆ ಆಡಿದ್ದೆವಂತೆ, ಆದರೆ ಅವಳ ಮುಖ ನನಗೆ ಎಷ್ಟು ನೆನೆದರೂ ಬರುವುದಿಲ್ಲ.

ನಮ್ಮ ಕಡೆ ಹಿರೇರ ಹಬ್ಬದ ದಿನ, ತೀರಿಕೊಂಡವರಿಗೆ ಹೊಸ ಬಟ್ಟೆ ಇಟ್ಟು, ಎಡೆ ಬಡಿಸಿ, ಅವರು ಬಂದು ಉಂಡು ಹೋಗಲೆಂದು ಸ್ವಲ್ಪ ಹೊತ್ತು ಕೋಣೆಯ ಬಾಗಿಲು ಮುಚ್ಚುತ್ತಾರೆ. ಆಮೇಲೆ ಆ ಬಟ್ಟೆಯನ್ನು ಮನೆಯಲ್ಲಿ ಬದುಕಿರುವವರು ಉಡುತ್ತಾರೆ. ದೊಡ್ಡವ್ವನ ಮನೆಯಲ್ಲಿ ಲಂಗ ಉಡುವವರು ಇನ್ಯಾರಿದ್ದರು? ಅದಕ್ಕೇ ಮಗಳಿಗೆ ಹಾಳೆಯ ಬಟ್ಟೆ. ಸತ್ತವರು ಬೆಳೆಯುವುದಿಲ್ಲ ಎಂದು ಅವಳಿಗೆ ಯಾರೂ ಹೇಳಲಿಲ್ಲವೋ, ಹೇಳಿದರೂ ಅವಳು ಕೇಳಲಿಲ್ಲವೋ... ವರ್ಷ ವರ್ಷ ಆ ಲಂಗ ಉದ್ದವಾಗುತ್ತಿತ್ತು. ಅಳತೆಗೆ ನಾನು.

ಗೋಡೆಗೆ ಮುಖ ಮಾಡಿಸಿ ನಿಲ್ಲಿಸುತ್ತಿದ್ದಳು. ಬೆನ್ನಿಗೆ ಹಾಳೆ ಆನಿಸಿ, ಹೆಬ್ಬೆರಳಿನ ಉಗುರಿನಿಂದ ಭುಜದ ಮೇಲೆ, ಕಂಕುಳ ಪಕ್ಕ, ಸೊಂಟದ ಸುತ್ತ ಗೆರೆ ಎಳೆಯುತ್ತಿದ್ದಳು. "ಉಸ್ರು ಹಿಡಿಯವ್ವ," ಎನ್ನುತ್ತಿದ್ದಳು ಮೆಲ್ಲಗೆ. "ಅಕಿಗೆ ಉಸ್ರಿಲ್ಲಲ್ಲ, ಅಳತಿ ಹೆಚ್ಚು ಕಡಿಮಿ ಆಗ್ತೈತಿ." ನಮ್ಮವ್ವನಿಗೆ ಇದು ಸುತರಾಂ ಇಷ್ಟವಿರಲಿಲ್ಲ. ಪ್ರತಿ ಸಲ ನನಗೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಿದ್ದಳು. ಆದರೂ "ಹೆತ್ತ ಹೊಟ್ಟಿ, ಏನನ್ನಾಕ ಬರ್ತೈತಿ" ಎಂದು ಸುಮ್ಮನಾಗುತ್ತಿದ್ದಳು.

ಹಬ್ಬದ ದಿನ ಮುಚ್ಚಿದ ಬಾಗಿಲ ಹೊರಗೆ ನಾವು ಮಕ್ಕಳು ಕೂತಿದ್ದರೆ, ಒಳಗೆ ಹಾಳೆ ಸರಸರ ಎನ್ನುತ್ತಿತ್ತು. ಕಿಟಕಿಯಿಲ್ಲದ ಕೋಣೆ ಅದು. ನಾನೇನು ದೆವ್ವ ಪೀಡೆ ಎಂದು ಹೆದರಿ ಸಾಯುವವಳಲ್ಲ, ಇಲಿ ಓಡಾಡಿದ್ದೀತು. ಆದರೆ ಬಾಗಿಲು ತೆಗೆದಾಗ ಕುಪ್ಪಸದ ಮೊಣಕೈ ಹತ್ತಿರ ಸುಕ್ಕು ಬಿದ್ದಿರುತ್ತಿತ್ತಲ್ಲ, ಒಮ್ಮೆ ತೊಟ್ಟು ಬಿಚ್ಚಿದ ಬಟ್ಟೆಗೆ ಬೀಳುವಂಥ ಸುಕ್ಕು, ಅದನ್ನು ಯಾವ ಇಲಿ ಮಾಡೀತು?

ನಾನು ದೊಡ್ಡವಳಾದೆ, ಲಂಗ ದಾವಣಿ ಉಟ್ಟೆ, ಮದುವೆಯಾಗಿ ಹಡಗಲಿಗೆ ಬಂದೆ. ಹಬ್ಬಕ್ಕೆ ಮುಂಚೆ ತವರಿಗೆ ಹೋದಾಗ ಅಳತೆ ಕೊಟ್ಟೇ ಬರುತ್ತಿದ್ದೆ. ಚೊಚ್ಚಲ ಬಸಿರಿಗೆ ಏಳು ತುಂಬಿದಾಗ ಸೀಮಂತದ ಕುಬಸ ಮಾಡಿ ತವರಿಗೆ ಕರೆದುಕೊಂಡು ಬಂದರು. ಮಾರನೆಯ ಬೆಳಿಗ್ಗೆಯೇ ದೊಡ್ಡವ್ವ ಹಾಳೆ ಹಿಡಿದು ಬಂದಳು. ಹಾಳೆ ನನ್ನ ಹೊಟ್ಟೆಯ ಸುತ್ತ ಸಾಲಲಿಲ್ಲ. ಅವಳ ಮುಖ ಅರಳಿದ್ದನ್ನು ನಾನು ಈಗಲೂ ಕಾಣಬಲ್ಲೆ.

"ಹಂಗಾರ ಅಕಿಗೂ ಈಗ ಏಳು ತಿಂಗಳು!"

ಮಧ್ಯಾಹ್ನ ಮತ್ತೆ ಬಂದು ಅಂಗೈ ಚಾಚಿದಳು. ಹಾಳೆಯಲ್ಲಿ ಮಡಚಿದ ಪುಟ್ಟ ಕುಲಾವಿ, ಕೂಸಿನ ತಲೆಗೆ ಹಾಕುವಂಥದ್ದು. "ಅಕಿ ಕೂಸಿಗೆ," ಎಂದಳು.

ದಿನವೆಲ್ಲ ಒದೆಯುತ್ತಿದ್ದ ನನ್ನ ಕೂಸು ಆ ಹೊತ್ತಿನಿಂದ ಅಲುಗಾಡಲಿಲ್ಲ. ನೀರು ಕುಡಿದೆ, ಬೆಲ್ಲ ತಿಂದೆ, ಮಗ್ಗುಲು ಬದಲಿಸಿ ಮಲಗಿದೆ... ಊಹೂಂ. ಆಸ್ಪತ್ರೆಗೆ ಕರೆದೊಯ್ಯಲು ಅಪ್ಪ ಆಟೋ ತರಲು ಹೋದ. ಅವ್ವ ಸೆರಗು ಸಿಕ್ಕಿಸಿ ಎದುರುಮನೆಗೆ ನುಗ್ಗಿದಳು.

"ಹೊಟ್ಟ್ಯಾಗಿನ ಕೂಸಿಗೂ ಕೈ ಹಾಕಿದ್ಯಾ ಅಕ್ಕಾ? ಇಷ್ಟು ವರ್ಷ ಬಾಯಿ ಮುಚ್ಕೊಂಡಿದ್ದೆ, ಇನ್ನ ಸುಮ್ನಿರಂಗಿಲ್ಲ!"

ದೊಡ್ಡವ್ವ ಎದ್ದು ಬಂದು ನನ್ನ ಮುಂದೆ ನೆಲದ ಮೇಲೆ ಕೂತಳು. ಕುಲಾವಿಯನ್ನು ಮೊಣಕಾಲ ಮೇಲಿಟ್ಟು ಒಂದೊಂದೇ ಮಡಿಕೆ ಬಿಚ್ಚಿದಳು. ಹಾಳೆ ಎಲ್ಲೂ ಹರಿಯಲಿಲ್ಲ. ಪೂರ್ತಿ ಬಿಚ್ಚಿ, ಅಂಗೈಯಿಂದ ಸವರಿ ನನ್ನ ಮಡಿಲಲ್ಲಿಟ್ಟಳು.

"ಅಕಿಗೆ ಮಕ್ಕಳು ಬ್ಯಾಡ ಬಿಡವ್ವಾ. ಅಕಿ ನಾಕು ವರ್ಷದ ಕೂಸು. ನಿನ್ನ ಕೂಸು ನಿನಗಿರ್ಲಿ."

ಅವಳು ಹೊಸ್ತಿಲು ದಾಟುವಷ್ಟರಲ್ಲಿ ನನ್ನ ಕೂಸು ಒದೆಯಿತು. ಬೆಲ್ಲ ತಿಂದದ್ದಕ್ಕೇ ಇರಬಹುದು ಎಂದು ಆಮೇಲೆ ಡಾಕ್ಟರು ಹೇಳಿದರು. ಇರಬಹುದು... ನಾನು ಮಾತ್ರ ಗೋಡೆಗೆ ಒರಗಿ ಜೋರಾಗಿ ಅತ್ತೆ.

ಆ ವರ್ಷದ ಹಬ್ಬಕ್ಕೆ ದೊಡ್ಡವ್ವ ಇಟ್ಟದ್ದು ನಾಲ್ಕು ವರ್ಷದ ಹುಡುಗಿಗಾಗುವ ಗಿಡ್ಡ ಲಂಗ. ಬಾಗಿಲು ಮುಚ್ಚಿದರೆ ಒಳಗೆ ಸದ್ದೇ ಇರಲಿಲ್ಲವಂತೆ, ಅವ್ವ ಹೇಳಿದಳು. ಆಮೇಲೆ ದೊಡ್ಡವ್ವ ನನ್ನನ್ನು ಅಳತೆಗೆ ಕರೆಯಲಿಲ್ಲ. ನನ್ನ ಮಗಳನ್ನು ಎತ್ತಿಕೊಂಡು ಎದುರಿಗೆ ಹೋದರೂ ಕೂಸನ್ನು ಮುಟ್ಟದೆ ದೂರದಿಂದಲೇ ನೆಟಿಗೆ ಮುರಿಯುತ್ತಿದ್ದಳು. ಅಷ್ಟು ವರ್ಷ ಬೆಳೆಸಿದ ಮಗಳನ್ನು ಅವಳು ಎರಡನೇ ಸಲ ಕಳೆದುಕೊಂಡಿದ್ದಳು. ಅದೂ ನನ್ನ ಸಲುವಾಗಿ. ಈಗ ದೊಡ್ಡವ್ವನೂ ಇಲ್ಲ, ಮನೆಗೆ ಬೀಗ.

ಸೀರೆ ತಂದ ಸಂಜೆ, ದೊಡ್ಡವ್ವ ಅಂದು ನನ್ನ ಮಡಿಲಲ್ಲಿಟ್ಟಿದ್ದ ಹಾಳೆಯನ್ನು ಟ್ರಂಕಿನ ತಳದಿಂದ ತೆಗೆದು ನೋಡುತ್ತಾ ಕೂತಿದ್ದೆ. ನನ್ನ ಮಗಳು ಈಗ ಮೂರನೇ ಕ್ಲಾಸು. ಪಕ್ಕದ ಮನೆಯ ಹುಡುಗಿಯರ ಜೊತೆ ನೆಲದ ಮೇಲೆ ಹಾಳೆಯ ಫ್ರಾಕು ಮಡಚುತ್ತಿದ್ದಳು. ಒಲೆಯ ಮೇಲಿನ ಹಾಲು ನೋಡಲು ಎದ್ದು ಹೋಗಿ ಬರುವಷ್ಟರಲ್ಲಿ ಆ ಹಳೆಯ ಹಾಳೆ ಮಗಳ ಕೈಯಲ್ಲಿತ್ತು.

"ಅಮ್ಮಾ, ಇಲ್ನೋಡು! ಈ ಹಾಳಿ ತಾನಾ ಮಡಚ್ಕೊಳ್ತೈತಿ!"

ಹಳೆಯ ಮಡಿಕೆಯ ಗೆರೆಗಳ ಮೇಲೆ ಅವಳ ಬೆರಳು ಓಡಿದ್ದವು. ಅವಳ ಅಂಗೈಯಲ್ಲಿ ಕುಲಾವಿ ಕೂತಿತ್ತು. ತಲೆಗಿಟ್ಟು ನೋಡಿದಳು, ಸಾಲಲಿಲ್ಲ. "ಯಾವ ಪಾಪುಂದಿದು?" ಎಂದಳು.

ಅವಳ ಕೈಯಿಂದ ಅದನ್ನು ತೆಗೆದುಕೊಂಡು ನೆಲದ ಮೇಲೆ ಕೂತೆ. ಮೊಣಕಾಲ ಮೇಲಿಟ್ಟು ಒಂದೊಂದೇ ಮಡಿಕೆ ಬಿಚ್ಚಿದೆ. ಮಗಳು ನನ್ನ ತೊಡೆಗೆ ಆತುಕೊಂಡು, ಬಿಸಿ ಉಸಿರು ಬಿಡುತ್ತಾ ನೋಡುತ್ತಿದ್ದಳು.

"ಯಾರ್ದೂ ಅಲ್ಲವ್ವ," ಎಂದೆ. "ನಮ್ಮ ದೊಡ್ಡವ್ವ ನಿನ್ನ ಸಲುವಾಗಿ ಬಿಚ್ಚಿ ಕೊಟ್ಟ ಹಾಳಿ ಇದು."