ದಪ್ಪ ಅಂಕಿಯ ಡಯಲ್

ಹಳೆಯ ವಾಚಿನ ಡಯಲ್ ಮುಟ್ಟಬೇಡಿ, ಹೊಲಸಿದ್ದರೆ ಹೊಲಸೇ ಇರಲಿ, ಹಾಗೇ ತನ್ನಿ ಎಂದು ಹೇಳಿ ಹೇಳಿ ನನ್ನ ಬಾಯಿ ಸೋತಿದೆ. ಗದಗಿಗೆ ಅಂಟಿಕೊಂಡ ಬೆಟಗೇರಿಯಲ್ಲಿ ವಾಚ್ ರಿಪೇರಿಗೆ ಕೂತ ಇಷ್ಟು ವರ್ಷಗಳಲ್ಲಿ ಒಬ್ಬರೂ ಕೇಳಿಲ್ಲ. ಡಯಲ್ ಅಸಲಿ ಹೌದೋ ಅಲ್ಲವೋ ನೋಡಿ ಹೇಳಿ ಎಂದು ತರುತ್ತಾರೆ. ತರುವ ಮುಂಚೆ ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿರುತ್ತಾರೆ. ಕುರ್ತಕೋಟಿಯ ಹಿರಿಯರೊಬ್ಬರು ದೇವರ ಸಾಮಾನಿನ ಹಾಗೆ ಹುಣಸೆಹಣ್ಣು ಹಾಕಿ ತಿಕ್ಕಿಯೇ ತಂದಿದ್ದರು. ಹೊಲಸು ವಾಚನ್ನು ಇನ್ನೊಬ್ಬರ ಕೈಗೆ ಕೊಡುವುದು ಇವರಿಗೆ ಅವಮಾನ. ನನಗೆ ಬೇಕಾದ ಸಾಕ್ಷಿಯೆಲ್ಲ ಆ ಹೊಲಸಿನಲ್ಲೇ ಇರುತ್ತದೆ. ಅಂಥವರನ್ನು ಗಿರಾಕಿಗಳ ಎದುರಿಗೇ ಬೈದು ಕಳಿಸುತ್ತೇನೆ. ಡಯಲ್ ಅಳಿಸಿ ಹೊಸದಾಗಿ ಬಣ್ಣ ಹೊಡೆಸಿಕೊಂಡು ಬಂದವರಿಗಂತೂ ಇನ್ನೂ ಜಾಸ್ತಿ.

ಹೋದ ಶ್ರಾವಣದಲ್ಲಿ ಮುಂಡರಗಿಯಿಂದ ಅಕ್ಕ ಬಂದಳು, ಕೈಯಲ್ಲಿ ಅಪ್ಪನ ವಾಚು. ಅಪ್ಪ ಶಿರಹಟ್ಟಿಯಲ್ಲಿ ಅಣ್ಣನ ಮನೆಯಲ್ಲಿದ್ದ. ತೀರಿಕೊಂಡ ಮೇಲೆ ಅಕ್ಕ ಅದನ್ನು ಕೇಳಿ ಇಸಿದುಕೊಂಡಿದ್ದಳು. ಈಗ ಇದು ಅಪ್ಪನದಲ್ಲ, ಅಣ್ಣ ಅಸಲಿಯದನ್ನು ಇಟ್ಟುಕೊಂಡು ಬೇರೆ ಯಾವುದನ್ನೋ ಕೊಟ್ಟಿದ್ದಾನೆ ಎಂಬ ಸಂಶಯ ಅವಳನ್ನು ತಿನ್ನುತ್ತಿತ್ತು.

"ಖರೆ ಹಂಗ ಮಾಡಿದ್ರ, ಅವನ ಮನಿ ಹೊಸ್ತಲಾ ತುಳಿಯಂಗಿಲ್ಲ ನಾ" ಅಂದಳು.

ಫೋನಿನಲ್ಲಿ ಮೂರು ಸಲ ಹೇಳಿದ್ದರೂ ಅವಳೂ ಗಾಜಿಗೆ ಟೂತ್‌ಪೇಸ್ಟ್ ಹಚ್ಚಿ ತಿಕ್ಕಿದ್ದಳು. ಮೊದಲು ಅದಕ್ಕೆ ಬೈದೆ. ಆಮೇಲೆ ಹಿಂದಿನ ಮುಚ್ಚಳ ತೆಗೆದೆ. ಕೆಲಸ ಕಲಿಯುವಾಗ ನಾನೇ ಒಳಗೆ ಗೀಚಿದ್ದ ಗುರುತು ಅಲ್ಲೇ ಇತ್ತು. ಮಷೀನು, ಕೇಸು, ಮುಳ್ಳು ಎಲ್ಲ ಅಪ್ಪನವೇ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಡಯಲ್ ನೋಡಿದೆ. ಅಂಕಿಗಳು ದಪ್ಪ, ಅಂಚಿನಲ್ಲಿ ಬಣ್ಣ ಹರಡಿದೆ, ಸೆಕೆಂಡಿನ ಸಣ್ಣ ವೃತ್ತ ಒಂದು ಕಡೆ ಸರಿದಿದೆ. ಕಂಪನಿಯಿಂದ ಬಂದ ಡಯಲ್ ಹೀಗಿರುವುದಿಲ್ಲ.

ಪಿತ್ತ ನೆತ್ತಿಗೇರಿತು. ಹಳೆಯ ಡಯಲ್ ಹುಡುಕುತ್ತ ಊರೂರು ತಿರುಗುವ ವ್ಯಾಪಾರಿಗಳಿದ್ದಾರೆ. ಅಸಲಿಯದನ್ನು ಬಿಚ್ಚಿಕೊಂಡು ಇಂಥದ್ದೊಂದನ್ನು ಕೂಡಿಸಿ ಕೊಡುತ್ತಾರೆ. ಅಣ್ಣ ಅಂಥವರಿಗೆ ಕೊಟ್ಟಿದ್ದಾನೆಂದು ಕೂತಲ್ಲೇ ತೀರ್ಮಾನಿಸಿ ಅಕ್ಕನಿಗೂ ಹೇಳಿಬಿಟ್ಟೆ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಅಳತೊಡಗಿದಳು. ನಾನು ಅಣ್ಣನಿಗೆ ಫೋನ್ ಹಚ್ಚಿ, ಅಪ್ಪನ ಡಯಲ್ ಯಾರಿಗೆ ಮಾರಿದಿ ಎಂದು ಬಾಯಿಗೆ ಬಂದಂತೆ ಕೂಗಾಡಿದೆ. ಅವನು ಪೂರ್ತಿ ಕೇಳಿಸಿಕೊಂಡ.

"ಯಾರಿಗೂ ಮಾರಿಲ್ಲ ತಮ್ಮಾ. ಅದಕ್ಕ ಬಣ್ಣಾ ಹೊಡಿಸಿದಾಂವ ಅಪ್ಪನೇ. ಸಣ್ಣ ಅಂಕಿ ಕಾಣ್ತಿದ್ದಿಲ್ಲ ಅವಗ. ಗದಗಕ್ಕ ಬಂದು ದಪ್ಪ ಬರೆಸ್ಕೊಂಡು ಹೋದ."

ಗದಗಕ್ಕೆ ಬಂದವನು ಮಗನ ಅಂಗಡಿ ಬಿಟ್ಟು ಇನ್ನೊಬ್ಬರ ಹತ್ತಿರ ಯಾಕೆ ಹೋದ ಎಂದು ಕೇಳಿದೆ.

"ನೀ ಬೈತೀ ಅಂತ. ನಿನಗ ಹೇಳಬ್ಯಾಡ ಅಂದಿದ್ದ. ನಿನ್ನ ಕಡೆ ಬರೋ ಮುಂದ ಬಿಚ್ಚಿ ಕಿಸೆದಾಗ ಇಟ್ಕೋತಿದ್ದ."

ಪಕ್ಕದಲ್ಲೇ ಕಿವಿಗೊಟ್ಟು ಕೇಳುತ್ತಿದ್ದ ಅಕ್ಕ ಕಣ್ಣೊರೆಸಿಕೊಂಡು ನನ್ನ ಕೈಯಿಂದ ಫೋನ್ ತೆಗೆದುಕೊಂಡು ಅಣ್ಣನ ಜೊತೆ ಮಾತಿಗೆ ಕೂತಳು. ನಾನು ಮುಚ್ಚಳ ಕೂಡಿಸಿ ವಾಚನ್ನು ಅವಳ ಮುಂದಿಟ್ಟೆ.

ಕೊನೆಯ ವರ್ಷ ನಮ್ಮ ಮನೆಗೆ ಬಂದಾಗಲೆಲ್ಲ ಅಪ್ಪನ ಮಣಿಕಟ್ಟು ಖಾಲಿ ಇರುತ್ತಿತ್ತು. ವಾಚೆಲ್ಲಿ ಅಂದರೆ ಮರೆತು ಬಂದೆ ಅನ್ನುತ್ತಿದ್ದ. ಊಟ ಮುಗಿದದ್ದೇ ತಡ, ಶಿರಹಟ್ಟಿ ಬಸ್ಸು ತಪ್ಪೀತೆಂದು ಮೇಲಿಂದ ಮೇಲೆ ನನ್ನನ್ನು ಟೈಮ್ ಕೇಳುತ್ತಿದ್ದ. ಎಷ್ಟು ಸಲ ಕೇಳ್ತಿ ಎಂದು ಅದಕ್ಕೂ ಬೈದಿದ್ದೆ.