ಅರ್ಧಾಳಿನ ಓದು

ನಮ್ಮ ಗೋಪಾಲಮ್ಮನನ್ನು ಯಾರಾದರೂ ಹೊಗಳಲು ಶುರುಮಾಡಿದರೆ ನಾನು ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ಅವಳು ಪುಸ್ತಕ ಹಿಡಿದು ಕೂತಾಗಲೆಲ್ಲ ಒಲೆಯ ಮುಂದೆ ಬೆಂದವಳು ನಾನು. ಇದನ್ನು ಯಾರೂ ಮರೆಯಬಾರದು. ಈಗ ಹೊಗಳಿ, ನನ್ನದೇನೂ ಅಭ್ಯಂತರವಿಲ್ಲ.

ಕೋಗಿಲು ಎಂಬ ಊರಿನ ಚಿಕ್ಕಹನುಮಯ್ಯನವರ ಮನೆಗೆ ಅವಳು ಹಿರಿಸೊಸೆ, ಕೃಷ್ಣಮ್ಮನೆಂಬ ನಾನು ಕಿರಿಸೊಸೆ. ಅವಳ ಗಂಡನಿಗೆ ಯಶವಂತಪುರದ ಗೂಡ್ಸ್ ಶೆಡ್ಡಿನಲ್ಲಿ ಕೆಲಸ. ಭಾನುವಾರ ಬಂದು ಸೋಮವಾರ ಹೋಗಿಬಿಡುತ್ತಿದ್ದರು. ನನ್ನ ಗಂಡ ಮನೆಯಲ್ಲೇ ಇದ್ದರೂ ಅಪ್ಪನ ಮುಂದೆ ಬಾಯಿ ಬಿಟ್ಟವರಲ್ಲ. ಆದ್ದರಿಂದ ಅವರನ್ನು ಇಲ್ಲಿಗೇ ಬಿಟ್ಟುಬಿಡೋಣ. ಮನೆಯಲ್ಲಿ ಅಕ್ಷರ ಗೊತ್ತಿದ್ದ ಹೆಂಗಸು ಗೋಪಾಲಮ್ಮ ಒಬ್ಬಳೇ. ಯಲಹಂಕದಲ್ಲಿ ಐದನೇ ಕ್ಲಾಸು ಓದುತ್ತಿದ್ದವಳನ್ನು, ದೊಡ್ಡವಳಾದಳೆಂದು ಶಾಲೆ ಬಿಡಿಸಿ ನಮ್ಮ ಮನೆಗೆ ಕೊಟ್ಟಿದ್ದರು.

ಸಾವಿರದ ಒಂಬೈನೂರ ಐವತ್ತೇಳರಲ್ಲಿ ಅವಳ ಮಗಳು ಕೆಂಪಿಗೆ ಆರು ವರ್ಷ, ನನ್ನ ಮಗ ಪಿಳ್ಳನಿಗೆ ಐದು. ಶಾಲೆ ಇದ್ದದ್ದು ಯಲಹಂಕದಲ್ಲಿ. ಅಷ್ಟು ಚಿಕ್ಕ ಮಕ್ಕಳನ್ನು ಕೆರೆ ದಾಟಿಸಿ ಅಷ್ಟು ದೂರ ನಡೆಸುವುದಿಲ್ಲ ಎಂದು ನಮ್ಮ ಮಾವ ಹಟ ಹಿಡಿದರು. ಎಂಟು ತುಂಬುವವರೆಗೆ ಗೋಪಾಲಮ್ಮನೇ ಹೇಳಿಕೊಡಲಿ, ಆಮೇಲೆ ನೇರ ಮೂರನೇ ಕ್ಲಾಸಿಗೆ ಸೇರಿಸೋಣ ಎಂದು ತೀರ್ಮಾನವಾಯಿತು. ಜೊತೆಗೆ ಒಂದು ಷರತ್ತನ್ನೂ ಹಾಕಿದರು.

"ಮೇಷ್ಟ್ರು ಮೂರ್ನೇ ಕ್ಲಾಸಿಗೆ ತಗಂಡ್ರೆ ಸರಿ. ತಗಳ್ದಿದ್ರೆ ಹೆಣ್ಣುಡುಗಿ ಓದು ಅಲ್ಲಿಗೇ ಮುಗೀತು. ಎಂಟು ವರ್ಸದೋಳು ಒಂದ್ನೇ ಕ್ಲಾಸ್ನಾಗೆ ಕುಂತ್ರೆ ಊರೋರೆಲ್ಲ ನಗಾಕಿಲ್ವ?"

ಗೋಪಾಲಮ್ಮ "ಆಗ್ಲಿ ಮಾವ" ಎಂದಳು. ಒಳಗೆ ಬಂದವಳು ತುಂಬಿದ್ದ ಬಿಂದಿಗೆಯನ್ನೇ ಎತ್ತಿಕೊಂಡು ನೀರು ತರಲು ಹೊರಟಳು. ತನಗಾದದ್ದು ಮಗಳಿಗೂ ಆಗಿಬಿಟ್ಟರೆ ಎಂಬ ಭಯ ಅವಳಿಗೆ.

ದಿನಕ್ಕೆ ಎಷ್ಟು ಹೊತ್ತು ಓದಬೇಕು? ಇದನ್ನೂ ಮಾವನೇ ಗೊತ್ತುಮಾಡಿದರು. ಅವರಿಗೆ ಲೋಕದಲ್ಲಿ ಗೊತ್ತಿದ್ದ ಅಳತೆ ಒಂದೇ, ಆಳು. ಕಳೆ ಕೀಳಲು ಎಷ್ಟಾಳು, ರಾಗಿ ಕೊಯ್ಯಲು ಎಷ್ಟಾಳು ಎಂದು ಬೆಳೆ ನೋಡಿಯೇ ಹೇಳಿಬಿಡುತ್ತಿದ್ದರು. ಬೆಳಿಗ್ಗೆಯಿಂದ ಸಂಜೆವರೆಗೆ ಒಬ್ಬರು ದುಡಿದರೆ ಒಂದಾಳು, ಮಧ್ಯಾಹ್ನಕ್ಕೆ ಬಿಟ್ಟರೆ ಅರ್ಧಾಳು. ಓದನ್ನೂ ಅದೇ ಅಳತೆಗೆ ಹಾಕಿದರು.

"ಎಳೇವು, ಒಂದಾಳು ಬ್ಯಾಡ. ಅರ್ಧಾಳು ಓದ್ಲಿ" ಎಂದರು, ಏನೋ ದೊಡ್ಡ ಉಪಕಾರ ಮಾಡಿದವರ ಹಾಗೆ.

ಹೊತ್ತು ಮೂಡಿದ ಕೂಡಲೇ ಮಕ್ಕಳು ನಡುಮನೆಯಲ್ಲಿ ಚಾಪೆಯ ಮೇಲೆ ಕೂರಬೇಕು, ನೆತ್ತಿಗೆ ಬಿಸಿಲು ಬಂದ ಮೇಲೆ ಏಳಬೇಕು. ಮಾವ ಜಗಲಿಯಲ್ಲಿ ಹಗ್ಗ ಹೊಸೆಯುತ್ತಾ ಕಾವಲು. ದನಿ ತಗ್ಗಿತೋ, "ಯಾಕ್ರೋ, ಆಗ್ಲೇ ಸುಸ್ತಾ? ಬಗ್ಗಿ ಓದ್ರೋ!" ಎಂದು ಹೊಲದಲ್ಲಿ ಕೂಗಿದಂತೆ ಕೂಗುತ್ತಿದ್ದರು.

ಒಂದು ತಿಂಗಳಾಯಿತು. ಸೂರಿನಲ್ಲಿ ಒಡೆದ ಹೆಂಚು ಎಷ್ಟು ಎಂದು ಕೆಂಪಿ ನಿದ್ದೆಯಲ್ಲೂ ಹೇಳುತ್ತಿದ್ದಳು. ನನ್ನ ಮಗ ಕಣ್ಣು ಬಿಟ್ಟುಕೊಂಡೇ ನಿದ್ದೆ ಮಾಡುವುದನ್ನು ಕಲಿತ. ಬೆಳಿಗ್ಗೆ ತಾನೇ ಬರೆದ ಅಕ್ಷರವನ್ನು ಮಧ್ಯಾಹ್ನ ಯಾರೋ ಹೊಸ ನೆಂಟರನ್ನು ಕಂಡಂತೆ ನೋಡುತ್ತಿದ್ದ. ಅಯ್ಯೋ ದೇವರೇ, ಇವನು ನನ್ನನ್ನೇ ಹೋಲುತ್ತಾನಲ್ಲ ಎಂದು ನನಗೆ ಸಂಕಟವಾಯಿತು.

ಗೋಪಾಲಮ್ಮ ಮಾತ್ರ ಸುಮ್ಮನೆ ನೋಡುತ್ತಿದ್ದಳು. ಒಂದು ದಿನ ಒಲೆ ಹತ್ತಿರ ಬಂದು ನನ್ನ ಕಿವಿಯಲ್ಲಿ ಹೇಳಿದಳು: "ಕೃಷ್ಣಾ, ನೀನು ಮುದ್ದೆಗೆ ಎಸರಿಟ್ಟಾಗ ಶುರು ಮಾಡ್ತೀನಲ್ಲ, ಅದು ಕುದಿಯೋ ತನಕ ಹೇಳ್ಕೊಟ್ಟಿದ್ದಷ್ಟೇ ಕಣೆ ಇವಕ್ಕೆ ತಲೇಗೆ ಹೋಗೋದು. ಆಮೇಲಿಂದೆಲ್ಲ ದಂಡ. ಬರೀ ದಂಡ ಅಲ್ಲ, ಮೊದ್ಲು ಹೋಗಿದ್ದನ್ನೂ ಹೊರಗೆ ಹಾಕ್ಬಿಡುತ್ತೆ."

ಸೌದೆ ಒಣಗಿದ್ದರೆ ನಮ್ಮ ದೊಡ್ಡ ಮಡಕೆಯ ಎಸರು ಕುದಿಯಲು ಅರ್ಧ ಗಂಟೆ. ಹಸಿಯಾಗಿದ್ದರೆ ಇನ್ನೊಂದಿಷ್ಟು ಹೊತ್ತು ಹಿಡಿಯುತ್ತಿತ್ತು. ಅಂದಿನಿಂದ ಪಾಠ ಅಷ್ಟೇ. ಆ ಅರ್ಧ ಗಂಟೆ ಅವಳು ಅತ್ತಿತ್ತ ನೋಡುತ್ತಿರಲಿಲ್ಲ. ಮನೆಗೆ ಬೆಂಕಿ ಬಿದ್ದರೂ ಏಳುತ್ತಿರಲಿಲ್ಲವೇನೋ. ಒಂದು ಮಗುವಿಗೆ ಓದು, ಇನ್ನೊಂದಕ್ಕೆ ಲೆಕ್ಕ, ಆಮೇಲೆ ಅದಲು ಬದಲು. ಎಸರು ಕುದಿಯಿತೆಂದು ನಾನು ಸೌಟಿನಲ್ಲಿ ಮಡಕೆ ತಟ್ಟಿದರೆ ಪುಸ್ತಕ ಮುಚ್ಚಿದಂತೆ.

ಉಳಿದ ಹೊತ್ತಿಗೆ? ಜಗಲಿಯಲ್ಲಿ ಕಾವಲಿದೆಯಲ್ಲ! ಮಕ್ಕಳು ಚಾಪೆಯ ಮೇಲೇ ಕೂತು, ಮಡಿಲಲ್ಲಿ ಸ್ಲೇಟು, ಸ್ಲೇಟಿನ ಕೆಳಗೆ ಅವರೆಕಾಯಿ. ಕೆಂಪಿ ಗಟ್ಟಿಯಾಗಿ ಮಗ್ಗಿ ಕೂಗುವುದು, ಪಿಳ್ಳ ಕಾಯಿ ಸುಲಿಯುವುದು. ಅವರೆ ಮುಗಿದ ಮೇಲೆ ಹುಣಸೆಹಣ್ಣು ಬಿಡಿಸುವುದು, ಅದಾದ ಮೇಲೆ ಅಕ್ಕಿ ಆರಿಸುವುದು. ನನ್ನ ಅರ್ಧ ಕೆಲಸ ಇಳಿದುಹೋಯಿತು. ಸತ್ಯ ಹೇಳುತ್ತೇನೆ, ನಾನು ಗುಟ್ಟು ಕಾಪಾಡಿದ್ದು ವಿದ್ಯೆಯ ಮೇಲಿನ ಪ್ರೀತಿಗಲ್ಲ.

ಹೀಗೇ ಒಂದು ವರ್ಷ ಕಳೆಯಿತು. ಮುಂದಿನ ಅವರೆ ಕಾಲದಲ್ಲಿ ಒಂದು ಬೆಳಿಗ್ಗೆ ಮಾವ ನೀರು ಕುಡಿಯಲು ಒಳಗೆ ಬಂದರು. ಗಾಬರಿಯಾದ ನನ್ನ ಮಗ ಎದ್ದುನಿಂತುಬಿಟ್ಟ, ದಡ್ಡ! ಸ್ಲೇಟು ಒಂದು ಕಡೆ, ಸಿಪ್ಪೆ ಒಂದು ಕಡೆ, ಕಾಳೆಲ್ಲ ಮಾವನ ಕಾಲಬುಡಕ್ಕೆ.

"ಓಹೋ! ಅರ್ಧಾಳು ಓದು ಅಂತ ಕೂಗ್ಸಿ ಇಂಗಾ ಮಾಡೋದು?" ಮನೆ ಹಾರಿಹೋಗುವಂತೆ ಗುಡುಗಿದರು. "ನಾಳೆಯಿಂದ ಬ್ಯಾಟರಾಯನಪುರದ ಮನೆಪಾಠದ ಮೇಷ್ಟ್ರು ಬರ್ತಾನೆ. ಬೆಳಗಿಂದ ಬೈಗಿನಗಂಟ ಒಂದಾಳು ಓದುಸ್ತಾನೆ. ನೀನು ಒಲೆ ನೋಡ್ಕ ಓಗು, ಗೋಪಾಲಮ್ಮ."

ಗೋಪಾಲಮ್ಮ ಗೋಡೆಗೆ ಒರಗಿ ನಿಂತಳು. ಎಂಥ ಮನೆಯಪ್ಪಾ ಇದು ಅನ್ನಿಸಿತು ನನಗೆ. ಆದರೆ ಬಾಯಿ ತೆರೆದದ್ದು ಕೆಂಪಿ. ಕಾಳು ಆರಿಸುತ್ತಲೇ ತಲೆಯೆತ್ತಿ ಕೇಳಿದಳು.

"ತಾತ, ನಮ್ಮ ಎಳೆ ಹೋರಿಗಳ್ಗೆ ನೊಗ ಕಟ್ಟಿ ಪಳಗಿಸ್ತೀಯಲ್ಲ, ನಿನ್ನೆ ಸಂಜೆ ಯಾಕೆ ಅಷ್ಟು ಬೇಗ ಬಿಚ್ಚಿಬಿಟ್ಟೆ?"

ಹೋರಿಯ ಮಾತೆತ್ತಿದರೆ ನಮ್ಮ ಮಾವ ಸಾಯುವ ಹೊತ್ತಿನಲ್ಲೂ ಎದ್ದು ಕೂರುವವರು. ಸಿಟ್ಟು ಮರೆತು ಹೇಳತೊಡಗಿದರು: "ಎಳೆ ಹೋರಿ ಕಣವ್ವ. ಇನ್ನೂ ಎಳೀಬೇಕು ಅಂತ ಅದಕ್ಕೆ ಆಸೆ ಇರೋವಾಗ್ಲೇ ಬಿಚ್ಚಬೇಕು. ದಿನಾ ಒಂದೀಟೀಟು. ಸುಸ್ತಾಗೋಗಂಟ ಹೂಡಿದ್ರೆ ನಾಳೆ ನೊಗ ಕಂಡ್ರೇನೇ ಮಲಗ್ಬಿಡ್ತವೆ..."

ಅಲ್ಲಿಗೆ ನಿಲ್ಲಿಸಿದರು. ಕೆಂಪಿಯನ್ನು ನೋಡಿದರು, ಗೋಪಾಲಮ್ಮನನ್ನು ನೋಡಿದರು, ನಾನು ನಗುತ್ತಿದ್ದೇನೆಯೇ ಎಂದು ನನ್ನನ್ನೂ ನೋಡಿದರು. ನಾನು ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದೆ.

"ಅದು ಬೇರೆ, ಇದು ಬೇರೆ" ಎಂದು ಗೊಣಗುತ್ತಾ ನೀರು ಕುಡಿಯದೆಯೇ ಹೊರಗೆ ಹೋದರು. ಬ್ಯಾಟರಾಯನಪುರದ ಮೇಷ್ಟ್ರು ಮಾರನೇ ದಿನವೂ ಬರಲಿಲ್ಲ, ಅದರ ಮಾರನೇ ದಿನವೂ ಬರಲಿಲ್ಲ. ಎಸರು ಕುದಿದ ಮೇಲೆ ಮಕ್ಕಳು ಚಾಪೆ ಬಿಟ್ಟು ಓಡಿದರೂ ಮಾವ ಕಾಣದವರಂತೆ ಹಗ್ಗ ಹೊಸೆಯುತ್ತಿದ್ದರು. ಷರತ್ತು ಮಾತ್ರ ಹಾಗೇ ಉಳಿಯಿತು.

ಐವತ್ತೊಂಬತ್ತರ ಜೂನ್ ತಿಂಗಳಲ್ಲಿ ಮಾವ ಯಲಹಂಕದ ಶಾಲೆಗೆ ಗಾಡಿ ಕಟ್ಟಿದರು. ಗೋಪಾಲಮ್ಮ, ಕೆಂಪಿ, ಜೊತೆಗೆ ನಾನು. ನನ್ನನ್ನು ಯಾರೂ ಕರೆದಿರಲಿಲ್ಲ, ನಾನೇ ಹತ್ತಿ ಕೂತೆ. ದಾರಿಯುದ್ದಕ್ಕೂ ಗೋಪಾಲಮ್ಮ ಮಗಳ ಜಡೆಯನ್ನು ಬಿಚ್ಚಿ ಬಿಚ್ಚಿ ಹೆಣೆದಳು.

ಹೆಡ್‌ಮಾಸ್ಟರ್ ವೆಂಕಟರಾಮಯ್ಯನವರು ಕೆಂಪಿಯ ಕೈಗೆ ಎರಡನೇ ಕ್ಲಾಸಿನ ಪುಸ್ತಕ ಕೊಟ್ಟರು. ಗಡಗಡ ಓದಿದಳು. ಮೂರನೆಯದನ್ನು ಕೊಟ್ಟರು. ಎರಡು ಕಡೆ ತಡವರಿಸಿ ಅದನ್ನೂ ಓದಿದಳು. ಮೂವತ್ತಾರರಲ್ಲಿ ಹತ್ತೊಂಬತ್ತು ಕಳೆದರೆ ಎಷ್ಟು ಎಂದರು. ಬೆರಳು ಮಡಿಸದೆ ಹದಿನೇಳು ಎಂದಳು.

"ಮನೇಲಿ ದಿನಕ್ಕೆ ಎಷ್ಟು ಹೊತ್ತು ಓದಿಸ್ತಿದ್ರಮ್ಮ?"

ಕೆಂಪಿ ತಾತನ ಮುಖ ನೋಡಿ ಮೆಲ್ಲಗೆ "ಅರ್ಧ ಗಂಟೆ" ಎಂದಳು. ಮಾನ ಹೋಯಿತೆಂದು ಮಾವ ತಲೆ ತಗ್ಗಿಸಿದರು. "ನಾನು ಜಾಸ್ತೀನೇ ಹೇಳಿದ್ದೆ ಸ್ವಾಮಿ..."

"ಈ ವಯಸ್ಸಿಗೆ ಒಬ್ಬೊಬ್ಬರನ್ನೇ ಕೂರಿಸ್ಕೊಂಡು ಹೇಳ್ಕೊಟ್ರೆ ಅಷ್ಟೇ ಸಾಕು ಕಣ್ರೀ, ಯಜಮಾನ್ರೇ. ನನ್ಹತ್ರ ಐವತ್ತು ಮಕ್ಕಳಿದ್ದಾವೆ, ನನಗೆ ಅರ್ಧ ಗಂಟೆ ಸಾಕಾಗಲ್ಲ ಅಷ್ಟೇ" ಎಂದು ಮೇಷ್ಟ್ರು ನಕ್ಕರು. "ಮೂರನೇ ಕ್ಲಾಸು. ಸೋಮವಾರದಿಂದ ಕಳಿಸಿ."

ಗೋಪಾಲಮ್ಮ ನನ್ನ ಕೈ ಹಿಡಿದುಕೊಂಡಳು. ಅಷ್ಟರಲ್ಲಿ ನಮ್ಮ ಜಾಣೆ ಕೇಳಿದಳು: "ಇಲ್ಲಿ ಎಷ್ಟೊತ್ತು ಕೂರ್ಬೇಕು ಸಾ?"

"ಹತ್ತೂವರೆಯಿಂದ ನಾಲ್ಕೂವರೆ."

"ಅಷ್ಟೊತ್ತಾ!" ಕೆಂಪಿ ಬಾಯಿ ತೆರೆದಳು ನೋಡಿ, ಶಾಲೆಯ ಮಕ್ಕಳೆಲ್ಲ ಕಿಟಕಿಗೆ ಬಂದರು. "ನಾನ್ ಬರಲ್ಲ! ತಾತಾ, ನಂಗೆ ಶಾಲೆ ಬೇಡ, ಮನೆಗೋಗಣ!"

ಮಾವನ ಮುಖ ಮೆತ್ತಗಾಯಿತು. ಮೊಮ್ಮಗಳ ಅಳು ಕಂಡರೆ ಕರಗಿಹೋಗುವ ಮನುಷ್ಯ. "ಬ್ಯಾಡ ಅಂದ್ರೆ ಬಿಡವ್ವ, ಯಾರ ಬಲವಂತ..." ಎಂದು ಎದ್ದೇಬಿಟ್ಟರು.

ಮದುವೆಯಾಗಿ ಬಂದಾಗಿನಿಂದ ಮಾವನ ಮಾತಿಗೆ ಎದುರಾಡದ ಗೋಪಾಲಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಮಾವ, ಇವಳು ಅಳ್ತಾಳೆ ಅಂತ ಬಿಡಿಸ್ಬೇಡಿ. ನನ್ನ ಶಾಲೆ ಬಿಡಿಸಿದ ದಿನ ನಾನೂ ಹಿಂಗೇ ಅತ್ತಿದ್ದೆ. ಯಾರೂ ನಿಲ್ಸಲಿಲ್ಲ."

ಮೇಷ್ಟ್ರು ಪೆನ್ನು ಹಿಡಿದೇ ಕೂತರು. ಮಾವ ಟವೆಲಿನಿಂದ ಮುಖ ಒರೆಸಿಕೊಂಡರು, ಮತ್ತೆ ಒರೆಸಿಕೊಂಡರು.

"ಬರ್ಕಳಿ ಸ್ವಾಮಿ. ಅಳ್ತಾ ಇದ್ರೂ ಬರ್ಕಳಿ."

ಮೇಷ್ಟ್ರು ಅರ್ಜಿ ತುಂಬಿಸಿ, ಕೆಳಗೆ ಪೋಷಕರು ಹೆಬ್ಬೆಟ್ಟು ಒತ್ತಬೇಕೆಂದು ಮಸಿಯ ಡಬ್ಬಿಯನ್ನು ಮಾವನ ಮುಂದೆ ತಳ್ಳಿದರು. ಮಾವ ಅದನ್ನು ಹಿಂದಕ್ಕೆ ತಳ್ಳಿದರು.

"ಓದ್ಸಿದೋಳು ಅವ್ಳು. ಪೆನ್ನು ಅವ್ಳಿಗೆ ಕೊಡಿ."