ಹೇಳುವವರಿಲ್ಲದ ಗಣಿತದ ತಾಸು

ಗಣಿತದ ಸರ್ ಮೊದಲ ದಿನ ಪಾಠ ಮಾಡಲಿಲ್ಲ, ನಿಯಮ ಹೇಳಿದರು. ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಗುಡಗೇರಿಯಿಂದ ದಿನಾಲು ಪ್ಯಾಸೆಂಜರ್ ಗಾಡಿಯಲ್ಲಿ ಬೇರೊಂದು ಊರಿನ ಜೂನಿಯರ್ ಕಾಲೇಜಿಗೆ ಹೋಗುತ್ತಿದ್ದೆ. ಪಿಯುಸಿ ಮೊದಲ ವರ್ಷ, ವಿಜ್ಞಾನ. ಅಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್. ಹಳಿಗುಂಟ ನಡೆದು ಸಡಿಲಾದ ಬೋಲ್ಟು ಬಿಗಿಯುವುದು, ಜಲ್ಲಿ ಸರಿಪಡಿಸುವುದು ಅವನ ಕೆಲಸ. ಮನೆಯಲ್ಲಿ ಹತ್ತನೆಯ ತರಗತಿ ದಾಟಿದವಳು ನಾನೊಬ್ಬಳೇ. ಗಣಿತದಲ್ಲಿ ಚಲೋ ಅಂಕ ಬಂದಿವೆ, ಹುಡುಗಿಯನ್ನು ಸಾಯನ್ಸಿಗೆ ಹಚ್ಚು ಎಂದು ಹೈಸ್ಕೂಲಿನ ಹೆಡ್‌ಮಾಸ್ತರರು ಹೇಳಿದ್ದರು. ಅಪ್ಪ ಹಚ್ಚಿದ.

ಸರ್ ಮೈಸೂರು ಕಡೆಯವರು, ಇನ್ನೂ ಮದುವೆಯಾಗದ ತರುಣ. ನಮ್ಮನ್ನೆಲ್ಲ ‘ನೀವು’ ಎಂದೇ ಮಾತಾಡಿಸಿದರು. ಅಲ್ಲಿಯವರೆಗೆ ಯಾವ ಮಾಸ್ತರರೂ ನಮಗೆ ‘ನೀವು’ ಅಂದಿರಲಿಲ್ಲ. ಹಿಂದಿನ ಬೆಂಚಿನವರು ಯಾರಿಗೆ ಹೇಳುತ್ತಿದ್ದಾರೆಂದು ತಿರುಗಿ ನೋಡಿದರು. ಇಂಗ್ಲಿಷಿನಲ್ಲಿ ಶುರುಮಾಡಿ, ನಮ್ಮ ಮುಖ ನೋಡಿ ಕನ್ನಡಕ್ಕೆ ಬಂದರು. ಗಂಟೆ ಹೊಡೆದ ಮೇಲೆ ಬಾಗಿಲು ಹಾಕಲಾಗುತ್ತದೆ. ನೂರಕ್ಕೆ ಎಪ್ಪತ್ತೈದು ಹಾಜರಿ ಇಲ್ಲದವರು ಪರೀಕ್ಷೆಗೆ ಕೂರುವಂತಿಲ್ಲ, ಅದು ಸರ್ಕಾರದ ನಿಯಮ, ನನ್ನದಲ್ಲ ಅಂದರು. ಲಾಗರಿದಮ್ ಟೇಬಲ್ ಪ್ರತಿಯೊಬ್ಬರ ಹತ್ತಿರವೂ ಇರಬೇಕು, ಪಕ್ಕದವರದನ್ನು ನೋಡುವಂತಿಲ್ಲ. ತಿಂಗಳಿಗೊಂದು ಟೆಸ್ಟ್. ಕೊನೆಗೆ ಚಾಕ್ ಕೆಳಗಿಟ್ಟು, “ಅರ್ಥವಾಗದಿದ್ದರೆ ಅವತ್ತೇ ಕೇಳಬೇಕು, ನಾಳೆಗೆ ಬಿಡಬೇಡಿ. ಗಣಿತ ಒಂದು ದಿನ ಬಿಟ್ಟರೆ ಮರುದಿನ ಬೇರೆ ಊರಿಗೆ ಹೋಗಿರುತ್ತದೆ,” ಅಂದರು.

ನಾವು ಅಂಜಿದೆವು, ಆದರೆ ಅವರು ಕಲಿಸುವ ರೀತಿ ಚಂದವಿತ್ತು. ಸೈನ್ ರೇಖೆಯನ್ನು ಕರಿ ಫಳಿಯ ಈ ತುದಿಯಿಂದ ಆ ತುದಿಯವರೆಗೆ ಒಂದೇ ಉಸಿರಿನಲ್ಲಿ ಎಳೆದಾಗ ಅದು ಏರಿ ಇಳಿದು ಮತ್ತೆ ಏರಿತು. ನನ್ನ ಬಾಜೂ ಕೂಡುತ್ತಿದ್ದ ಗೆಳತಿ, ಕಾಳಿನ ವ್ಯಾಪಾರಿಯ ಮಗಳು, “ಅಗದಿ ಹಾವು ಹರದಂಗ ಆತಲ್ಲ” ಎಂದು ಪಿಸುಗುಟ್ಟಿದಳು. ಸರ್ ಕೇಳಿಸಿಕೊಂಡು ನಕ್ಕರು. ಆ ದಿನ ಮನೆಗೆ ಹೋಗಿ ಒಲೆಯ ಮುಂದಿನ ನೆಲದ ಮೇಲೆ ಇದ್ದಲಿಯಿಂದ ಅದೇ ರೇಖೆ ಎಳೆದು ಅವ್ವನಿಂದ ಬೈಸಿಕೊಂಡೆ.

ದೀಪಾವಳಿ ರಜೆಗೆ ಊರಿಗೆ ಹೋದ ಸರ್ ತಿರುಗಿ ಬರಲಿಲ್ಲ. ಅವರ ಕಡೆಗೇ ವರ್ಗವಾಗಿತ್ತು. ಹೊಸಬರು ಬರುತ್ತಾರೆ ಎಂದು ಪ್ರಿನ್ಸಿಪಾಲರು ಹೇಳಿದರು. ಜೋಳ ತೆನೆ ಬಿಡುವ ಹೊತ್ತಿಗೆ ಬರುತ್ತಾರೆ ಅಂದರು, ಸಂಕ್ರಾಂತಿಗೆ ಅಂದರು. ಯಾರೂ ಬರಲಿಲ್ಲ. ಆದರೆ ಗಣಿತದ ತಾಸು ಮಾತ್ರ ನಡೆದೇ ಇತ್ತು. ತಾಸು ನಡೆದಿಲ್ಲವೆಂದು ಬರೆದರೆ ಮೇಲಿನವರಿಗೆ ಉತ್ತರ ಕೊಡಬೇಕಾಗುತ್ತದೆ ಎಂದು ಪ್ರಿನ್ಸಿಪಾಲರು ಕನ್ನಡದ ಸರ್ ಅವರನ್ನು ನಮ್ಮ ಮುಂದೆ ಕೂಡಿಸಿದರು. ಅವರು ಹಾಜರಿ ಕರೆದು, ಕೈಕಟ್ಟಿ ಕಿಟಕಿಯ ಹೊರಗೆ ನೋಡುತ್ತ ಕೂಡುವರು. ನಾವು ಪುಸ್ತಕ ತೆರೆದುಕೊಂಡು ಕೂಡುವೆವು.

ನಾನೂ ಗೆಳತಿಯೂ ನಾವಾಗಿಯೇ ಮುಂದಿನ ಅಧ್ಯಾಯಕ್ಕೆ ಕೈಹಾಕಿದೆವು. ಇಂಡಕ್ಷನ್ ಎಂದಿತ್ತು. ಒಂದು ಸೂತ್ರ ಒಂದಕ್ಕೆ ಸರಿ ಎಂದು ತೋರಿಸಬೇಕು. ಆಮೇಲೆ ‘ಕೆ’ ಎಂಬ ಸಂಖ್ಯೆಗೆ ಸರಿ ಎಂದು ಹಿಡಿಯಬೇಕು. ಅದರಿಂದ ಮುಂದಿನ ಸಂಖ್ಯೆಗೂ ಸರಿ ಎಂದು ಸಾಧಿಸಬೇಕು. ಸಾಧಿಸಬೇಕಾದದ್ದನ್ನೇ ಮೊದಲು ಸರಿ ಎಂದು ಹಿಡಿದರೆ ಉಳಿದದ್ದೇನು? ನಮಗೆ ತಿಳಿಯಲಿಲ್ಲ. ದಿನಗಟ್ಟಲೆ ಅಲ್ಲೇ ನಿಂತೆವು. ಕೊನೆಗೆ ನಾನು ಎದ್ದು ಕನ್ನಡದ ಸರ್ ಅವರ ಮೇಜಿನ ಮೇಲೆ ಪುಸ್ತಕ ಇಟ್ಟೆ.

“ಸರ, ಇದೊಂದು ತಿಳೀವಲ್ದರಿ.”

ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ಓದಿದರು. “ನನಗೂ ತಿಳೀವಲ್ದವಾ,” ಅಂದರು. “ನಾ ಹಳಗನ್ನಡ ಓದಿದಾಂವ. ಸುಳ್ಳ ಹೇಳಿ ನಿಮ್ಮ ದಾರಿ ತಪ್ಪಿಸಲಿಕ್ಕೆ ಮನಸ್ಸಿಲ್ಲ.” ಪುಸ್ತಕವನ್ನು ಎರಡೂ ಕೈಯಿಂದ ತಿರುಗಿ ಕೊಟ್ಟರು. ಅವತ್ತಿನಿಂದ ಅವರು ತಾಸಿಗೆ ಬರುವಾಗ ನಮ್ಮಿಬ್ಬರ ಮುಖ ನೋಡುತ್ತಿರಲಿಲ್ಲ.

ಟೆಸ್ಟುಗಳೂ ತಪ್ಪಲಿಲ್ಲ. ಬೇರೆ ಕಾಲೇಜಿನಿಂದ ಪ್ರಶ್ನೆ ತರಿಸುತ್ತಿದ್ದರು. ನಮಗೆ ಕಲಿಸದ ಪಾಠದ ಪ್ರಶ್ನೆಗಳನ್ನು ನೋಡುತ್ತ, ಹೆಸರು ಮತ್ತು ನಂಬರು ಅಂದವಾಗಿ ಬರೆದು, ಉಳಿದ ಹೊತ್ತು ಪೆನ್ನಿನ ಟೊಪ್ಪಿಗೆ ತೆಗೆದು ಹಾಕುತ್ತ ಕೂಡುತ್ತಿದ್ದೆವು. ಉತ್ತರಪತ್ರಿಕೆ ನೋಡುವವರೂ ಇರಲಿಲ್ಲ. ಕಟ್ಟು ಕಟ್ಟಿ ಕಪಾಟಿನ ಮೇಲೆ ಇಟ್ಟರು.

ನಮ್ಮದು ಒಂಟಿ ಹಳಿಯ ಮಾರ್ಗ. ಎದುರಿನ ಗಾಡಿಗೆ ದಾರಿ ಬಿಡಲು ನಮ್ಮ ಪ್ಯಾಸೆಂಜರ್ ಎಲ್ಲೆಂದರಲ್ಲಿ ನಿಲ್ಲುತ್ತಿತ್ತು. ಮೊದಲ ತಾಸೇ ಗಣಿತ. ಆ ಚಳಿಗಾಲದಲ್ಲಿ ಮತ್ತೆ ಮತ್ತೆ ತಡವಾಯಿತು. ನಿಲ್ದಾಣದಿಂದ ಓಡಿ ಹೋದರೂ ಬಾಗಿಲು ಹಾಕಿರುತ್ತಿತ್ತು. ಕಾಲೇಜಿನ ಸಿಪಾಯಿ ಕಾಕಾ ಹೊರಗೆ ಸ್ಟೂಲಿನ ಮೇಲೆ ಕೂತಿರುತ್ತಿದ್ದ.

“ಒಳಗ ಪಾಠಾನ ಇಲ್ಲಲ್ರಿ ಕಾಕಾ. ಬಿಡ್ರಿ.”

“ಪಾಠ ಇಲ್ಲ ಖರೇ ತಂಗಿ. ರೂಲ್ ಐತೆಲ್ಲ. ಬಾಗಲಾ ಹಾಕಬ್ಯಾಡಂತ ನನಗ್ಯಾರೂ ಹೇಳಿಲ್ಲ, ತಗೀ ಅಂತನೂ ಹೇಳಿಲ್ಲ.”

ಅವನ ಪಕ್ಕದಲ್ಲೇ ಕಟ್ಟೆಯ ಮೇಲೆ ಕೂತು ಒಳಗಿನ ಮೌನವನ್ನು ಕೇಳುತ್ತಿದ್ದೆ. ಕೆಲವೊಮ್ಮೆ ಯಾರೋ ಕೆಮ್ಮಿದ್ದು ಕೇಳುತ್ತಿತ್ತು.

ಶಿವರಾತ್ರಿಯ ಹೊತ್ತಿಗೆ ಹಾಜರಿ ಕಡಿಮೆಯಾದವರ ಹೆಸರು ನೋಟಿಸ್ ಬೋರ್ಡಿಗೆ ಬಂತು. ನನ್ನದಿತ್ತು. ಗಣಿತವೊಂದರಲ್ಲೇ ಕಡಿಮೆ. ಅಪ್ಪ ರಜೆ ಹಾಕಿ, ತೊಳೆದ ಧೋತರ ಉಟ್ಟು ನನ್ನ ಜೊತೆ ಬಂದ. ಪ್ರಿನ್ಸಿಪಾಲರ ಕೋಣೆಯಲ್ಲಿ ಕೂಡ್ರಿ ಅಂದರೂ ಕೂಡಲಿಲ್ಲ.

“ಗಾಡಿ ತಡಾ ಆದ್ರ ನನ್ನ ಮಗಳದೇನ ತಪ್ಪರಿ ಸಾಹೇಬ್ರ?”

“ತಪ್ಪ ಅಂತ ನಾ ಅಂದಿಲ್ರಿ. ಹಾಜರಿ ಕಮ್ಮಿ ಐತಿ.”

“ಹೇಳವ್ರ ಇಲ್ಲದ ತಾಸಿಗೆ ಹಾಜರಿ ಹೆಂಗ ಕಮ್ಮಿ ಆಗತೈತ್ರಿ?”

ಪ್ರಿನ್ಸಿಪಾಲರು ಮೇಜಿನ ಮೇಲಿನ ಪೇಪರ್‌ವೇಟನ್ನು ಅತ್ತ ಇತ್ತ ಸರಿಸಿದರು. ಅವರು ಕೆಟ್ಟವರಾಗಿರಲಿಲ್ಲ. ಸರ್ ಕೊಡಿ ಎಂದು ಮೇಲಿನ ಕಚೇರಿಗೆ ಬರೆದು ಬರೆದು ಸೋತವರು. “ನನ್ನ ಕೈಯಾಗ ಏನೂ ಇಲ್ರಿ,” ಅಂದರು. ಆಮೇಲೆ ದನಿ ತಗ್ಗಿಸಿ, “ಆರಾಮ ಇರಲಿಲ್ಲ ಅಂತ ಡಾಕ್ಟರದೊಂದು ಚೀಟಿ ತರ್ರಿ. ನಾ ಕೂಡಸ್ತೇನಿ,” ಅಂದರು.

ಹೊರಗೆ ಬೇವಿನ ಗಿಡದ ಕೆಳಗೆ ಅಪ್ಪ ತಲೆಯ ಮೇಲಿನ ಟೊಪ್ಪಿಗೆ ತೆಗೆದು ನಿಂತ. “ಗಟ್ಟಿಮುಟ್ಟ ಇದ್ದಾಕಿಗೆ ಜಡ್ಡ ಅಂತ ಬರಸಬೇಕೇನವಾ?” ಎಂದು ನನ್ನನ್ನೇ ಕೇಳಿದ. ನನಗೆ ಅಳು ಬಂತು. “ಅಳಬ್ಯಾಡ, ನಡಿ ಹೋಗೂಣು,” ಅಂದ. ಪೇಟೆಯ ಡಾಕ್ಟರು ನಾಡಿ ಕೂಡ ಹಿಡಿಯದೆ ನನಗೆ ಕಾಮಾಲೆ ಆಗಿತ್ತೆಂದು ಬರೆದುಕೊಟ್ಟರು. ಚೀಟಿಯನ್ನು ಪ್ರಿನ್ಸಿಪಾಲರಿಗೆ ಕೊಟ್ಟು ಅಪ್ಪ ನನ್ನನ್ನು ಗಾಡಿ ಹತ್ತಿಸಿದ. ಮನೆಗೆ ಬಂದು ಅವ್ವನಿಗೆ, “ಇದನ್ನ ಯಾರ ಮುಂದೂ ಆಡಬ್ಯಾಡ, ನಾಳೆ ಹುಡುಗಿನ್ನ ನೋಡಾಕ ಬಂದವ್ರು ಕೇಳ್ಯಾರು,” ಎಂದಷ್ಟೇ ಹೇಳಿದ.

ಪರೀಕ್ಷೆಗೆ ಕೂತೆ. ಸರ್ ಇದ್ದಾಗ ಕಲಿತಿದ್ದಷ್ಟನ್ನು ಬರೆದೆ. ಇಂಡಕ್ಷನ್ ಲೆಕ್ಕ ಬಂದಿತ್ತು. ಒಂದಕ್ಕೆ ಸರಿ ಎಂದು ತೋರಿಸಿದೆ, ‘ಕೆ’ಗೆ ಸರಿ ಎಂದು ಹಿಡಿದೆ, ಅಲ್ಲಿಗೆ ಪೆನ್ನು ನಿಂತಿತು. ಫಲಿತಾಂಶ ಬಂದಾಗ ಉಳಿದ ವಿಷಯಗಳಲ್ಲಿ ಪಾಸು, ಗಣಿತದಲ್ಲಿ ನಪಾಸು. ನಮ್ಮ ತರಗತಿಯ ಬಹುತೇಕ ಎಲ್ಲರದೂ ಅದೇ ಕಥೆ. ಗೆಳತಿಗೆ ಆ ಬೇಸಿಗೆಯಲ್ಲೇ ಗಂಡು ಗೊತ್ತಾಯಿತು. ಪಾಸಾಗಿದ್ದರೆ ಒಂದು ವರ್ಷ ತಡೀತಿದ್ದರು ಎಂದು ನನಗೆ ಹೇಳಿದಳು. ಮರುಪರೀಕ್ಷೆ ಕಟ್ಟಬಹುದಿತ್ತು, ಆದರೆ ಹೇಳಿಕೊಡುವವರು ಆಗಲೂ ಬಂದಿರಲಿಲ್ಲ.

ಜೂನಿನಲ್ಲಿ ಕಲಾ ವಿಭಾಗಕ್ಕೆ ಹೆಸರು ಬದಲಿಸಲು ಅಪ್ಪನೊಂದಿಗೆ ಹೋದೆ. ಗುಮಾಸ್ತರು ಅರ್ಜಿ ಹೇಗೆ ಬರೆಯಬೇಕೆಂದು ಹೇಳತೊಡಗಿದರು. “ನಾನು ನನ್ನ ಸ್ವಂತ ಇಚ್ಛೆಯಿಂದ ವಿಜ್ಞಾನ ವಿಭಾಗವನ್ನು ಬಿಟ್ಟು…”

ನಾನು ಪೆನ್ನು ಎತ್ತಿದೆ. “ಸ್ವಂತ ಇಚ್ಛಾ ಅಂತ ಬರೀಬೇಕೇನ್ರಿ?”

“ಹಂಗ ಬರೀಬೇಕವಾ. ಎಲ್ಲಾರೂ ಹಂಗ ಬರೀತಾರ. ಬ್ಯಾರೆ ಬರದ್ರ ತಗೊಳ್ಳೂದಿಲ್ಲ.”

ಅಪ್ಪನ ಕಡೆ ನೋಡಿದೆ. ಅವನು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದ. ನಾನು ಬರೆದೆ. ಕೆಳಗೆ ಪಾಲಕರ ಸಹಿ ಎಂದಿದ್ದಲ್ಲಿ ಅಪ್ಪ ಬಗ್ಗಿ, ನಾಲಿಗೆಯ ತುದಿ ಕಚ್ಚಿಕೊಂಡು, ಒಂದೊಂದೇ ಅಕ್ಷರ ಕೂಡಿಸಿ ತನ್ನ ಹೆಸರು ಬರೆದ.